ಓದಿ ಹಾಕಿದ ಸಹಿ

ಮೊದಲನೆಯ ಸಹಿಯನ್ನು ನಾನು ಓದದೆ ಹಾಕಿದೆ. ಕಾಸರಗೋಡಿನ ಒಂದು ಆಸ್ಪತ್ರೆ, ಕೊಲೊನೋಸ್ಕೋಪಿಗೆ, ಅಂದರೆ ಕ್ಯಾಮೆರಾ ಹಾಕಿ ಕರುಳಿನ ಒಳಗೆ ನೋಡುವ ಪರೀಕ್ಷೆಗೆ, ಅರ್ಧ ಗಂಟೆ ಮೊದಲು. ನಾಲ್ಕು ಪುಟದ ಒಪ್ಪಿಗೆ ಪತ್ರ, ಪೂರ್ತಿ ಮಲಯಾಳದಲ್ಲಿ. ಮಲಯಾಳ ನನಗೆ ಮಾತನಾಡಲು ಬರುತ್ತದೆ. ಪಂಚಾಯತು ಆಫೀಸು, ಬಸ್ಸು, ರೇಷನ್ ಅಂಗಡಿ, ಎಲ್ಲ ಕಡೆ ಅದರಲ್ಲೇ ಸುಧಾರಿಸುತ್ತೇನೆ. ಓದಲು ಮಾತ್ರ ಬಾರದು. ಕಾಸರಗೋಡು ಕೇರಳಕ್ಕೆ ಸೇರಿ ಏಳು ವರ್ಷವಾದ ಮೇಲೆ ಹುಟ್ಟಿದವಳು ನಾನು. ಕಲಿತದ್ದು ಕನ್ನಡ ಶಾಲೆಯಲ್ಲಿ, ಮತ್ತೆ ಮೂವತ್ತೊಂದು ವರ್ಷ ಕಲಿಸಿದ್ದೂ ಕನ್ನಡ ಶಾಲೆಯಲ್ಲೇ. ‘ಕನ್ನಡದಲ್ಲಿ ಇದೆಯೇ ಸಿಸ್ಟರ್?’ ಎಂದು ಕೇಳಿದೆ. ಇಲ್ಲ ಎಂದರು. ಒಳ್ಳೆಯ ಹುಡುಗಿ, ಕೈ ಹಿಡಿದು ‘ಹೆದರಬೇಡಿ ಟೀಚರೇ, ಬರೇ ನಿದ್ದೆಗೆ ಸ್ವಲ್ಪ ಮದ್ದು’ ಎಂದು ಮಲಯಾಳದಲ್ಲಿ ಸಮಾಧಾನ ಹೇಳಿದಳು. ಹೊರಗೆ ಇನ್ನೂ ಆರು ಮಂದಿ ಕಾಯುತ್ತಿದ್ದರು. ಎಲ್ಲಿ ಬೆರಳಿಟ್ಟು ತೋರಿಸಿದಳೋ ಅಲ್ಲೆಲ್ಲ ಸಹಿ ಹಾಕಿದೆ. ಓದದೆ ಯಾವುದಕ್ಕೂ ಸಹಿ ಹಾಕಬಾರದೆಂದು ಮಕ್ಕಳಿಗೆ ಹೇಳಿಕೊಂಡು ಬಂದ ಕೈ ಅದು.

ಪರೀಕ್ಷೆಗೆ ಹೋಗುವುದನ್ನೇ ಆರು ತಿಂಗಳು ತಡ ಮಾಡಿದ್ದೆ. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿ ಎಂದುಕೊಂಡೆ. ಅಮ್ಮನಿಗೂ ಇತ್ತು, ಅತ್ತೆಗೂ ಇತ್ತು. ಸುವರ್ಣಗೆಡ್ಡೆ ತಿಂದೆ, ಮಜ್ಜಿಗೆ ಕುಡಿದೆ. ಬೆಂಗಳೂರಿನಿಂದ ಬಂದ ಮಗಳು ನನ್ನ ಬಳೆ ಮೊಣಕೈವರೆಗೆ ಜಾರುವುದನ್ನು ನೋಡಿ ಗಾಬರಿಯಾದಳು. ಕೊಲೊನೋಸ್ಕೋಪಿಯಲ್ಲಿ ಗುದನಾಳದ ಮೇಲ್ಭಾಗದಲ್ಲಿ, ಬುಡದಿಂದ ಹದಿನಾಲ್ಕು ಸೆಂಟಿಮೀಟರ್ ಮೇಲೆ, ಒಂದು ಗಡ್ಡೆ ಸಿಕ್ಕಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. ಆ ವಾರದ ಬಗ್ಗೆ ಹೆಚ್ಚು ಬರೆಯಲಾರೆ. ನಮ್ಮವರು ತೋಟದ ಕಡೆ ಹೋಗಿ ಹೊತ್ತು ಕಂತಿದ ಮೇಲೆ ಬರುತ್ತಿದ್ದರು. ನಾನು ಹಳೆಯ ಹಾಜರಿ ಪುಸ್ತಕಗಳನ್ನು ಒಪ್ಪ ಮಾಡಿ ಇಡುತ್ತಿದ್ದೆ.

ಆಪರೇಷನ್ ಮಂಗಳೂರಿನಲ್ಲಿ ಎಂದು ತೀರ್ಮಾನವಾಯಿತು. ನಮಗೆ ದೊಡ್ಡ ಕಾಯಿಲೆ ಎಂದರೆ ಸೀತಾಂಗೋಳಿ, ಕುಂಬಳೆ, ತಲಪಾಡಿ ದಾಟಿ ಮಂಗಳೂರು. ಅಪ್ಪನ ಕಾಲದಿಂದ ಅದೇ ದಾರಿ. 2020ರ ಮಾರ್ಚಿನಲ್ಲಿ ಕೊರೊನಾ ಎಂದು ಗಡಿ ಮುಚ್ಚಲು ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದಾಗ ನಮ್ಮ ಊರಿನವರಿಗೆ ಆದ ಸಂಕಟ ಈ ದಾರಿಯಲ್ಲಿ ಹೋಗುವಾಗೆಲ್ಲ ನೆನಪಾಗುತ್ತದೆ. ಈ ಸಲ ಗೇಟು ತೆರೆದಿತ್ತು, ರಸ್ತೆ ಅಗಲವಾಗಿತ್ತು, ಕಾರು ಓಡಿತು.

ಸರ್ಜನ್ ಚಿತ್ರ ಬರೆದು ವಿವರಿಸಿದರು. ಹೊಟ್ಟೆಗೆ ನಾಲ್ಕೈದು ಸಣ್ಣ ತೂತು, ಒಳಗೆ ಕ್ಯಾಮೆರಾ, ಗಡ್ಡೆಯ ಭಾಗ ತೆಗೆದು ಕರುಳಿನ ಎರಡು ತುದಿ ಜೋಡಿಸುವುದು. ಎಲ್ಲವನ್ನೂ ಕೇಳಿಸಿಕೊಂಡೆ. ಆದರೆ ನನ್ನ ಹೆದರಿಕೆ ಬೇರೆಯೇ ಇತ್ತು, ಅದನ್ನು ಯಾರಿಗೆ ಹೇಳಬೇಕೆಂದು ತಿಳಿಯದೆ ಸುಮ್ಮನಿದ್ದೆ. 2003ರಲ್ಲಿ ಗರ್ಭಕೋಶ ತೆಗೆಸಿದಾಗ ಗ್ಯಾಸ್ ಕೊಟ್ಟು ಪ್ರಜ್ಞೆ ತಪ್ಪಿಸಿದ್ದರು. ಎಚ್ಚರವಾದ ಮೇಲೆ ಎರಡು ಹಗಲು ಎರಡು ರಾತ್ರಿ ವಾಂತಿ. ಹೊಲಿಗೆ ಬಿಟ್ಟುಹೋಗುತ್ತದೇನೋ ಎಂದು ಹೊಟ್ಟೆಯನ್ನು ಎರಡು ಕೈಯಲ್ಲಿ ಒತ್ತಿ ಹಿಡಿದು ಬಕೆಟಿಗೆ ಬಗ್ಗುತ್ತಿದ್ದದ್ದು ಇಪ್ಪತ್ತು ವರ್ಷ ಕಳೆದರೂ ಮೈಯಿಂದ ಹೋಗಿಲ್ಲ. ಕ್ಯಾನ್ಸರಿಗಿಂತ ಆ ವಾಂತಿಗೆ ಹೆಚ್ಚು ಹೆದರಿದ್ದೆ ಎಂದರೆ ಯಾರು ನಂಬುತ್ತಾರೆ?

ನಂಬಿದವರು ಅರಿವಳಿಕೆಯ ಡಾಕ್ಟ್ರು, ಆಪರೇಷನಿಗೆ ಪ್ರಜ್ಞೆ ತಪ್ಪಿಸುವವರು. ಪುತ್ತೂರು ಕಡೆಯ ಹೆಣ್ಣುಮಗಳು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಆಪರೇಷನಿಗೆ ಐದು ದಿನ ಮೊದಲು ಅವರ ಕೋಣೆಗೆ ಕಳಿಸಿದರು. ಬಾಯಿ ತೆರೆಸಿ ನೋಡಿದರು, ಕುತ್ತಿಗೆ ಹಿಂದಕ್ಕೆ ಬಾಗಿಸಿದರು, ಹಲ್ಲು ಅಲ್ಲಾಡುತ್ತದೆಯೇ ಎಂದು ವಿಚಾರಿಸಿದರು. ಆಮೇಲೆ ‘ಟೀಚರ್, ಬಸ್ಸಿನಲ್ಲಿ ಹೋದರೆ ವಾಂತಿ ಬರುತ್ತದೆಯೇ?’ ಎಂದರು. ಸಂಪಾಜೆ ಘಾಟಿಯಲ್ಲಿ ಮಡಿಕೇರಿಗೆ ಹೋಗುವಾಗ ನಾನು ಯಾವತ್ತೂ ಕಿಟಕಿ ಸೀಟಿನವಳೇ ಎಂದೆ. 2003ರ ಕಥೆಯನ್ನೂ ಹೇಳಿದೆ. ಅವರು ನಗಲಿಲ್ಲ. ಕಾಗದ ತೆಗೆದು ನಾಲ್ಕು ಗೆರೆ ಎಳೆದರು.

ಆಪರೇಷನ್ ಆದ ಮೇಲೆ ಯಾರಿಗೆ ವಾಂತಿಯಾಗಬಹುದು ಎಂದು ಜರ್ಮನಿಯ ಆಪ್ಫೆಲ್ ಎಂಬ ವೈದ್ಯರು 1999ರಲ್ಲಿ ಹೇಳಿದ ಲೆಕ್ಕವಂತೆ ಅದು. ಪ್ರಶ್ನೆ ನಾಲ್ಕೇ. ಹೆಂಗಸೇ? ಸಿಗರೇಟು ಸೇದದವರೇ? ಹಿಂದೆ ಆಪರೇಷನ್ ಆದಾಗ ವಾಂತಿಯಾಗಿತ್ತೇ, ಅಥವಾ ಪ್ರಯಾಣದಲ್ಲಿ ಆಗುತ್ತದೆಯೇ? ಆಪರೇಷನ್ ಆದ ಮೇಲೆ ನೋವಿಗೆ ಮಾರ್ಫಿನ್ ಜಾತಿಯ ಮದ್ದು ಬೇಕಾಗಬಹುದೇ? ಒಂದಕ್ಕೂ ಹೌದು ಇಲ್ಲದಿದ್ದರೆ ನೂರರಲ್ಲಿ ಸುಮಾರು ಹತ್ತು ಜನರಿಗೆ ವಾಂತಿ, ವಾಕರಿಕೆ. ಒಂದು ಹೌದಿಗೆ ಇಪ್ಪತ್ತು, ಎರಡಕ್ಕೆ ನಲವತ್ತು, ಮೂರಕ್ಕೆ ಅರವತ್ತು, ನಾಲ್ಕಕ್ಕೂ ಹೌದಾದರೆ ಎಂಬತ್ತು. ನನ್ನದು ನಾಲ್ಕಕ್ಕೆ ನಾಲ್ಕು. ಮೂವತ್ತೊಂದು ವರ್ಷ ಅಂಕ ಕೊಟ್ಟವಳಿಗೆ ತನಗೆ ಬಂದ ಅಂಕ ನೋಡಿ ಕಣ್ಣು ತುಂಬಿತು. ದುಃಖಕ್ಕಲ್ಲ. ಅದು ನನ್ನ ಮನಸ್ಸಿನ ದೌರ್ಬಲ್ಯವೆಂದು ಇಷ್ಟು ವರ್ಷ ತಿಳಿದುಕೊಂಡಿದ್ದೆ. ಲೆಕ್ಕ ಹಾಕಿ ಮುಂಚೆಯೇ ಹೇಳಬಹುದಾದ ವಿಷಯ ಅದು ಎಂದು ಆವತ್ತು ಗೊತ್ತಾಯಿತು.

‘ಹಾಗಾದರೆ ನಿಮಗೆ ಗ್ಯಾಸ್ ಬೇಡ, ಪೂರ್ತಿ ರಕ್ತನಾಳದ ಮೂಲಕವೇ ಕೊಡುವಾ’ ಎಂದರು. ಗ್ಯಾಸ್ ಉಸಿರಿನ ದಾರಿಯಲ್ಲಿ ಹೋಗಿ ನಿದ್ದೆ ತರುತ್ತದೆ. ಇದರಲ್ಲಿ ಪ್ರೊಪೊಫಾಲ್ ಎಂಬ ಮದ್ದನ್ನು ಪಂಪಿನಲ್ಲಿ, ಆಪರೇಷನ್ ಮುಗಿಯುವವರೆಗೂ ಬಿಡದೆ, ಕೈಯ ನಾಳಕ್ಕೆ ಹರಿಸುತ್ತಾರೆ. ಗ್ಯಾಸಿನ ಬದಲು ಇದನ್ನು ಬಳಸಿದರೆ ವಾಂತಿ ಎಷ್ಟು ಕಡಿಮೆಯಾಗುತ್ತದೆ ಎಂದು ಕೇಳಿದೆ. 2004ರಲ್ಲಿ ಪ್ರಕಟವಾದ, ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಒಂದು ದೊಡ್ಡ ಅಧ್ಯಯನದ ಲೆಕ್ಕ ಹೇಳಿದರು. ಪ್ರೊಪೊಫಾಲಿನಿಂದ ಅಪಾಯ ಸುಮಾರು ಶೇಕಡಾ 19 ಇಳಿಯುತ್ತದೆ, ವಾಂತಿ ತಡೆಯುವ ಒಂದೊಂದು ಮದ್ದಿನಿಂದಲೂ ಸುಮಾರು ಶೇಕಡಾ 26. ಒಂದೇ ಸಾಲದು, ಒಂದರ ಮೇಲೆ ಒಂದು ಸೇರಿಸಬೇಕು. ಎಂಬತ್ತರ ಐದನೇ ಒಂದು ಭಾಗ ಕಳೆದರೆ ಅರವತ್ತನಾಲ್ಕು, ಅದರ ಕಾಲು ಭಾಗ ಕಳೆದರೆ ನಲವತ್ತೆಂಟು, ಮತ್ತೊಂದು ಮದ್ದಿಗೆ ಮತ್ತೆ ಕಾಲು ಭಾಗ ಕಳೆದರೆ ಮೂವತ್ತಾರು. ಅಲ್ಲೇ ಕುಳಿತು ಲೆಕ್ಕ ಮಾಡಿದೆ. ‘ಸೊನ್ನೆ ಮಾಡುತ್ತೇನೆ ಅಂತ ಹೇಳುವುದಿಲ್ಲ ಟೀಚರ್’ ಎಂದರು. ಆ ಮಾತಿನಿಂದ ನನಗೆ ಅವರ ಮೇಲೆ ಭರವಸೆ ಬಂತು.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ‘ಮದ್ದು ಯಾವುದರಲ್ಲಿ ಮಾಡುವುದಂತೆ?’ ಎಂದು ಕೇಳಿದರು. ಕೃಷಿಕರಿಗೆ ಮೊದಲು ಬರುವ ಪ್ರಶ್ನೆ ಅದು. ಮಾರನೆಯ ದಿನ ಫೋನಿನಲ್ಲಿ ಡಾಕ್ಟ್ರನ್ನು ಕೇಳಿದೆ. ಸ್ಕಾಟ್ಲೆಂಡಿನ ಜಾನ್ ಗ್ಲೆನ್ ಎಂಬ ಪಶುವೈದ್ಯರು ಬ್ರಿಟನ್ನಿನ ಐಸಿಐ ಎಂಬ ಕಂಪನಿಯಲ್ಲಿದ್ದಾಗ ಕಂಡುಹಿಡಿದದ್ದಂತೆ. ಅದು ನೀರಿನಲ್ಲಿ ಕರಗುವುದಿಲ್ಲ. 1977ರಲ್ಲಿ ಮೊದಲು ಮನುಷ್ಯರಿಗೆ ಕೊಟ್ಟಾಗ ಹರಳೆಣ್ಣೆಯಿಂದ ತಯಾರಿಸಿದ ಒಂದು ದ್ರಾವಕದಲ್ಲಿ ಬೆರೆಸಿದ್ದರು. ಕೆಲವರಿಗೆ ಅಲರ್ಜಿಯಾಗಿ ಹಿಂದಕ್ಕೆ ತೆಗೆಯಬೇಕಾಯಿತು. ಮತ್ತೆ ವರ್ಷಗಟ್ಟಲೆ ದುಡಿದು ಸೋಯಾ ಎಣ್ಣೆಯಲ್ಲಿ, ಮೊಟ್ಟೆಯ ಹಳದಿಯಿಂದ ತೆಗೆದ ಲೆಸಿಥಿನ್ ಸೇರಿಸಿ, ಹಾಲಿನಂತೆ ಕದಡಿ 1986ರಲ್ಲಿ ಮಾರುಕಟ್ಟೆಗೆ ತಂದರು. 2018ರಲ್ಲಿ ಗ್ಲೆನ್ ಅವರಿಗೆ ವೈದ್ಯಕೀಯ ಸಂಶೋಧನೆಗೆ ಕೊಡುವ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು. ಮೊಟ್ಟೆ ಎಂದ ಕೂಡಲೇ ನಾನು ಒಂದು ಕ್ಷಣ ತಡೆದೆ. ಹುಟ್ಟಿದಂದಿನಿಂದ ತಿಂದವಳಲ್ಲ. ಡಾಕ್ಟ್ರು ಅದನ್ನು ಮುಚ್ಚಿಡದೆ ಹೇಳಿದ್ದರು, ಬೇಡವಾದರೆ ಬೇರೆ ದಾರಿ ಹುಡುಕುವಾ ಎಂದೂ ಹೇಳಿದ್ದರು. ರಾತ್ರಿ ಯೋಚಿಸಿದೆ, ದೇವರ ಮುಂದೆ ಕುಳಿತೆ, ಒಪ್ಪಿದೆ. ಆದರೆ ಯೋಚಿಸಲು ಒಂದು ರಾತ್ರಿ ಸಿಕ್ಕಿತಲ್ಲ, ಅದು ದೊಡ್ಡದು.

ನಾಳಕ್ಕೆ ಮದ್ದು ಕೊಟ್ಟು ಪ್ರಜ್ಞೆ ತಪ್ಪಿಸುವುದನ್ನು ಶುರು ಮಾಡಿದವರಲ್ಲಿ ಒಬ್ಬರು ಫ್ರಾನ್ಸಿನ ಬೋರ್ಡೋ ಪಟ್ಟಣದ ಓರೆ ಎಂಬ ಪ್ರಾಧ್ಯಾಪಕರು, 1870ರ ದಶಕದಲ್ಲಿ. ಇದನ್ನು ಕೇಳಿ ನಮ್ಮವರ ಮುಖ ಆ ತಿಂಗಳಲ್ಲಿ ಮೊದಲ ಸಲ ಅರಳಿತು. ಅಡಿಕೆಯ ಕೊಳೆರೋಗಕ್ಕೆ ಪ್ರತಿ ಮಳೆಗಾಲ ಮೈಲುತುತ್ತು, ಸುಣ್ಣ ಬೆರೆಸಿ ಹೊಡೆಯುವ ಬೋರ್ಡೋ ದ್ರಾವಣವೂ ಅದೇ ಊರಿನದು, 1885ರದ್ದು. ‘ಅಂದರೆ ನಮ್ಮ ಊರಿಗೆ ಹೊಸಬರಲ್ಲ’ ಎಂದರು.

ಬೆಂಗಳೂರಿನಲ್ಲಿರುವ ಅಣ್ಣನ ಮಗ ಫೋನು ಮಾಡಿ ಇನ್ನೊಂದು ವಿಷಯ ತಲೆಯಲ್ಲಿ ಬಿತ್ತಿದ. ಗ್ಯಾಸ್ ಕೊಟ್ಟರೆ ಕ್ಯಾನ್ಸರ್ ಮತ್ತೆ ಬರುವುದು ಹೆಚ್ಚಂತೆ, ನಾಳದ ಮದ್ದಾದರೆ ಆಯುಷ್ಯ ಜಾಸ್ತಿಯಂತೆ, ಸಂಶೋಧನೆ ಆಗಿದೆಯಂತೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಅಡ್ಮಿಟ್ ಆದ ದಿನ ಸಂಜೆ ಡಾಕ್ಟ್ರು ಬಂದಾಗ ಕೇಳಿಯೇ ಬಿಟ್ಟೆ. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತು ಉತ್ತರ ಹೇಳಿದರು.

2016ರಲ್ಲಿ ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯವರು ತಮ್ಮ ಹಳೆಯ ದಾಖಲೆ ತೆಗೆದು ಏಳು ಸಾವಿರ ಕ್ಯಾನ್ಸರ್ ರೋಗಿಗಳ ಲೆಕ್ಕ ನೋಡಿದ್ದರಂತೆ. ನಾಳದ ಮದ್ದು ಪಡೆದವರು ಹೆಚ್ಚು ಕಾಲ ಬದುಕಿದ್ದು ಕಂಡಿತು. ಆದರೆ ಅದು ಹಳೆಯ ಕಡತ. ಯಾರಿಗೆ ಯಾವುದು ಎಂದು ಆಗ ಡಾಕ್ಟ್ರುಗಳೇ ಆರಿಸಿದ್ದರು, ಆ ಆಯ್ಕೆಯಲ್ಲೇ ವ್ಯತ್ಯಾಸ ಇದ್ದಿರಬಹುದು. ನಿಜ ತಿಳಿಯಬೇಕಾದರೆ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಬೇಕು. ಸ್ವೀಡನ್ನಿನಲ್ಲಿ ಸ್ತನದ ಮತ್ತು ಕರುಳಿನ ಕ್ಯಾನ್ಸರಿಗೆ ಹಾಗೆ ಮಾಡಿದ್ದಾರೆ. 2023ರಲ್ಲಿ ಸ್ತನದ ಭಾಗದ ಫಲಿತಾಂಶ ಬಂತು: 1,700ಕ್ಕೂ ಹೆಚ್ಚು ಹೆಂಗಸರು, ಐದು ವರ್ಷದ ಲೆಕ್ಕದಲ್ಲಿ ಎರಡು ಗುಂಪಿಗೂ ಹೇಳುವಂತಹ ವ್ಯತ್ಯಾಸ ಇಲ್ಲ. ಆಸ್ಟ್ರೇಲಿಯಾದವರು ಮುಂದಾಳಾಗಿ ಕರುಳು ಮತ್ತು ಶ್ವಾಸಕೋಶದ ಕ್ಯಾನ್ಸರಿಗೆ 5,700ಕ್ಕೂ ಹೆಚ್ಚು ರೋಗಿಗಳ ಗುರಿ ಇಟ್ಟುಕೊಂಡು ಇನ್ನೊಂದನ್ನು ಶುರು ಮಾಡಿದ್ದಾರೆ. ‘ನಿಮಗೆ ನಾಳದ ಮದ್ದು ಕೊಡುವುದು ವಾಂತಿಗಾಗಿ. ಕ್ಯಾನ್ಸರ್ ಬಾರದಿರಲಿ ಅಂತ ಕೊಡುತ್ತೇನೆ ಎಂದರೆ ಸುಳ್ಳು ಹೇಳಿದಂತೆ ಆಗುತ್ತದೆ’ ಎಂದರು. ಆ ಸಂಜೆ ಅಣ್ಣನ ಮಗನಿಗೆ ಫೋನು ಮಾಡಿ, ಪ್ರೀತಿಯಿಂದಲೇ, ಇಷ್ಟನ್ನೂ ಹೇಳಿದೆ.

ಲಿಗ್ನೋಕೇನ್ ವಿಷಯವನ್ನೂ ಅವರೇ ಎತ್ತಿದರು. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಅದನ್ನೇ ನಾಳಕ್ಕೆ ನಿಧಾನ ಹರಿಸಿದರೆ ಆಪರೇಷನ್ ಆದ ಕರುಳು ಬೇಗ ಎಚ್ಚರವಾಗುತ್ತದೆ ಎಂಬ ನಂಬಿಕೆ ಹಲವು ವರ್ಷ ಇತ್ತು. ಬ್ರಿಟನ್ನಿನ 27 ಆಸ್ಪತ್ರೆಗಳಲ್ಲಿ, ನನ್ನಂತೆ ಸಣ್ಣ ತೂತಿನ ಮೂಲಕ ಕರುಳಿನ ಆಪರೇಷನ್ ಮಾಡಿಸಿಕೊಂಡ 590 ಜನರಲ್ಲಿ ಪರೀಕ್ಷಿಸಿ 2024ರ ಕೊನೆಗೆ ಪ್ರಕಟಿಸಿದರು. ಮೂರು ದಿನದೊಳಗೆ ಕರುಳು ಸರಿಯಾಗಿ ಕೆಲಸ ಶುರು ಮಾಡಿದವರು ಮದ್ದು ಪಡೆದ ಗುಂಪಿನಲ್ಲೂ ಪಡೆಯದ ಗುಂಪಿನಲ್ಲೂ ಹೆಚ್ಚುಕಡಿಮೆ ಸಮ, ನೂರಕ್ಕೆ ಅರವತ್ತರ ಒಳಗೆ. ‘ಅದಕ್ಕೇ ನಿಮಗೆ ಅದನ್ನು ಹಾಕುವುದಿಲ್ಲ. ಮೊನ್ನೆಯವರೆಗೆ ಹಾಕುತ್ತಿದ್ದೆ’ ಎಂದರು. ತಾನು ಮಾಡುತ್ತಿದ್ದುದನ್ನು ಬಿಟ್ಟೆ ಎಂದು ರೋಗಿಯ ಎದುರು ಹೇಳುವ ಡಾಕ್ಟ್ರನ್ನು ನಾನು ಮೊದಲು ನೋಡಿರಲಿಲ್ಲ. ಆ 590 ಜನ ಯಾರೋ, ಎಲ್ಲಿಯವರೋ. ಅವರು ಒಪ್ಪಿ ಮಲಗಿದ್ದರಿಂದ ನನ್ನ ನಾಳಕ್ಕೆ ಬೇಡದ ಒಂದು ಮದ್ದು ಬೀಳುವುದು ತಪ್ಪಿತು.

ಒಪ್ಪಿಗೆ ಪತ್ರ ಕನ್ನಡದಲ್ಲಿತ್ತು. ಅಚ್ಚು ಮಸುಕಾಗಿದ್ದರೂ ಪೂರ್ತಿ ಓದಿದೆ. ಒಂದು ಕಡೆ ‘ಅರಿವಳಿಕೆ’ಯನ್ನು ‘ಅರಿವಳಕೆ’ ಎಂದು ಅಚ್ಚು ಹಾಕಿದ್ದರು, ಪೆನ್ನಿನಲ್ಲಿ ತಿದ್ದಿದೆ. ಎಷ್ಟು ಒಳ್ಳೆಯ ಶಬ್ದ ಅದು. ಅರಿವು ಅಳಿಯುವುದು. ಅನಸ್ತೇಶಿಯ ಎಂದು ಸಾವಿರ ಸಲ ಕೇಳಿದ್ದರೂ ಏನಾಗುತ್ತದೆಂದು ಮನಸ್ಸಿಗೆ ಮುಟ್ಟಿರಲಿಲ್ಲ. ಓದಿ ಮುಗಿಸಿದ ಮೇಲೆ ಸಹಿ ಹಾಕಿದೆ.

ಹಿಂದಿನ ದಿನ ಹೊಟ್ಟೆ ತೊಳೆಯುವ ಮದ್ದು ಕುಡಿದದ್ದು ಕಷ್ಟದ ಕೆಲಸ, ಅದನ್ನು ಅನುಭವಿಸಿದವರಿಗೆ ಹೇಳಬೇಕಿಲ್ಲ. ಅಕಸ್ಮಾತ್ ಮಲ ಹೊರಗೆ ಬರಲು ಹೊಟ್ಟೆಗೆ ಚೀಲ ಹಾಕಬೇಕಾದರೆ ಎಂದು ನರ್ಸು ಹೊಟ್ಟೆಯ ಬಲಬದಿಯಲ್ಲಿ ಪೆನ್ನಿನಿಂದ ಗುರುತು ಮಾಡಿದಳು. ಆ ಗುರುತನ್ನು ನೋಡಿಕೊಂಡೇ ರಾತ್ರಿ ಕಳೆದೆ. ಬೆಳಿಗ್ಗೆ ಆಪರೇಷನಿಗೆ ಎರಡು ಗಂಟೆ ಮೊದಲು ಸಿಹಿಯಾದ ಒಂದು ಲೋಟ ತಿಳಿ ಪಾನೀಯ ಕೊಟ್ಟರು. 2003ರಲ್ಲಿ ಹಿಂದಿನ ರಾತ್ರಿಯಿಂದ ಒಂದು ಗುಟುಕು ನೀರೂ ಇರಲಿಲ್ಲ.

ಓಟಿ ಒಳಗೆ ಚಳಿ. ಹಣೆಗೆ ಅಂಟುಪಟ್ಟಿ ಹಚ್ಚಿದರು. ಮಿದುಳಿನ ಎಚ್ಚರವನ್ನು ಸಂಖ್ಯೆಯಲ್ಲಿ ತೋರಿಸುವ ಯಂತ್ರ ಅದು. ಗ್ಯಾಸಾದರೆ ಬಿಟ್ಟ ಉಸಿರಿನಲ್ಲೇ ಎಷ್ಟಿದೆ ಎಂದು ಅಳೆಯಬಹುದು. ನಾಳದ ಮದ್ದಿಗೆ ಆ ಅನುಕೂಲ ಇಲ್ಲ, ಸ್ನಾಯುಗಳನ್ನು ಸಡಿಲಿಸುವ ಮದ್ದು ಬೇರೆ ಕೊಟ್ಟಿರುತ್ತಾರೆ, ಮಧ್ಯೆ ಎಚ್ಚರವಾದರೂ ರೋಗಿಗೆ ಬೆರಳು ಅಲ್ಲಾಡಿಸಿ ಹೇಳಲಾಗದು. ಹಾಗಾಗಿ ಹಣೆಯ ಮೇಲೊಂದು ಕಾವಲು. ಎಚ್ಚರವಿದ್ದಾಗ ನೂರರ ಹತ್ತಿರ, ಆಪರೇಷನ್ ವೇಳೆ ನಲವತ್ತು ಅರವತ್ತರ ನಡುವೆ ಇರಬೇಕು. ನನ್ನದು ತೊಂಬತ್ತೇಳು ತೋರಿಸುತ್ತಿತ್ತು. ಪಂಪಿಗೆ ನನ್ನ ವಯಸ್ಸು ಅರವತ್ತೊಂದು, ತೂಕ ಐವತ್ತೆರಡು, ಎತ್ತರ ನೂರ ಐವತ್ತನಾಲ್ಕು ಒತ್ತಿದರು. ಎಷ್ಟು ಹರಿಸಿದರೆ ಮಿದುಳಿನಲ್ಲಿ ಎಷ್ಟಿರುತ್ತದೆ ಎಂದು ಅದೇ ಲೆಕ್ಕ ಹಾಕುತ್ತದಂತೆ. ಸಿರಿಂಜಿನಲ್ಲಿ ಮದ್ದು ಕಂಡೆ, ಹಸುವಿನ ಹಾಲಿನಷ್ಟೇ ಬಿಳಿ.

‘ಕೈ ಉರಿಯುತ್ತದೆ ಟೀಚರ್, ಸ್ವಲ್ಪ ಹೊತ್ತು’ ಎಂದರು. ಉರಿಯಿತು, ಹಸಿಮೆಣಸು ಹೆಚ್ಚಿದ ಕೈಯ ಹಾಗೆ, ಮಣಿಕಟ್ಟಿನಿಂದ ಮೇಲಕ್ಕೆ ಏರುತ್ತಾ. ಮೂಗಿನ ಮೇಲೆ ಆಮ್ಲಜನಕದ ಮುಖವಾಡ. ಒಂದನೇ ತರಗತಿಗೆ ಕಲಿಸುತ್ತಿದ್ದ ಮಗ್ಗಿ ಹೇಳೋಣ ಎಂದುಕೊಂಡೆ. ಎರಡೊಂದ್ಲಿ ಎರಡು, ಎರಡೆರಡ್ಲಿ...

‘ಟೀಚರ್, ಕಣ್ಣು ಬಿಡಿ. ಮುಗಿಯಿತು.’

ನಾಲ್ಕೂವರೆ ಗಂಟೆ ಕಳೆದಿತ್ತು. ಮೊದಲು ಕೈ ಹೊಟ್ಟೆಗೆ ಹೋಯಿತು, ಚೀಲ ಇದೆಯೇ ಎಂದು. ಇರಲಿಲ್ಲ. ಮತ್ತೆ ವಾಂತಿಗಾಗಿ ಕಾದೆ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಉಸಿರು ಹಿಡಿದು ಕಾದೆ. ಸಂಜೆಯಾಯಿತು. ರಾತ್ರಿಯಾಯಿತು. ಒಂದು ಸಲ ವಾಕರಿಕೆ ಬಂದಂತಾಗಿ ಹೋಯಿತು, ಅಷ್ಟೇ. ನೋವು ಇರಲಿಲ್ಲ ಎಂದು ಹೇಳುವುದಿಲ್ಲ. ಹೊಟ್ಟೆ ನೋಯುತ್ತಿತ್ತು, ಅದಕ್ಕಿಂತ ಹೆಚ್ಚು ಬಲಭುಜ ನೋಯುತ್ತಿತ್ತು. ಕ್ಯಾಮೆರಾಕ್ಕೆ ಜಾಗ ಮಾಡಲು ಹೊಟ್ಟೆಗೆ ತುಂಬಿದ ಗಾಳಿ, ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಕೆರಳಿಸಿ ಭುಜದಲ್ಲಿ ನೋವು ತೋರಿಸುತ್ತದಂತೆ. ಇದನ್ನು ಮುಂಚೆ ಯಾರೂ ಹೇಳಿರಲಿಲ್ಲ, ಹೇಳಿದ್ದರೆ ಹೃದಯಕ್ಕೇನೋ ಆಯಿತೆಂದು ಆ ರಾತ್ರಿ ಹೆದರುತ್ತಿರಲಿಲ್ಲ.

ಮರುದಿನವೇ ಎಬ್ಬಿಸಿ ನಡೆಸಿದರು. ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಜಗಿಯಲು ಕೊಟ್ಟರು, ಬಾಯಿ ಅಲ್ಲಾಡಿದರೆ ಊಟ ಬಂತೆಂದು ಕರುಳು ತಿಳಿಯುತ್ತದಂತೆ. ಹೊತ್ತು ಹೊತ್ತಿಗೆ ಎಲ್ಲರದೂ ಒಂದೇ ಪ್ರಶ್ನೆ, ‘ಗಾಳಿ ಹೋಯಿತೇ?’ ಜೀವನದಲ್ಲಿ ನಾಲ್ಕು ಜನರ ಎದುರು ಆಡದ ಮಾತು. ಮೂರನೆಯ ದಿನ ಬೆಳಗಿನ ಜಾವ ಹೋಯಿತು. ನಮ್ಮವರನ್ನು ಎಬ್ಬಿಸಿ ಹೇಳಿದೆ, ಇಬ್ಬರೂ ಅತ್ತೆವು. ಆವತ್ತು ಮಧ್ಯಾಹ್ನ ಮಗಳು ಕುಚ್ಚಲಕ್ಕಿ ಗಂಜಿಯನ್ನು ಚೆನ್ನಾಗಿ ಅರೆದು, ಉಪ್ಪು ಹಾಕಿ ತಂದಳು. ಐದು ಚಮಚ ತಿಂದೆ.

ಗಡ್ಡೆಯ ಜೊತೆ ತೆಗೆದ ಹದಿನಾರು ಹಾಲ್ರಸ ಗ್ರಂಥಿಗಳನ್ನು (ಲಿಂಫ್ ನೋಡ್) ಪರೀಕ್ಷಿಸಿದ್ದರು, ಒಂದರಲ್ಲೂ ಕ್ಯಾನ್ಸರ್ ಇರಲಿಲ್ಲ. ಬಿಡುಗಡೆಯ ದಿನ ಅರಿವಳಿಕೆಯ ಡಾಕ್ಟ್ರು ಒಂದು ಚೀಟಿ ಬರೆದುಕೊಟ್ಟರು. ವಾಂತಿಯ ಅಂಕ ನಾಲ್ಕು, ನಾಳದ ಮೂಲಕ ಅರಿವಳಿಕೆ, ಕೊಟ್ಟ ಮದ್ದುಗಳ ಹೆಸರು, ತೊಂದರೆಯಾಗಲಿಲ್ಲ. ಮುಂದೆ ಎಲ್ಲಿ ಏನು ಮಾಡಿಸಿದರೂ ಇದನ್ನು ತೋರಿಸಿ ಎಂದರು. ರೇಷನ್ ಕಾರ್ಡಿನ ಚೀಲದಲ್ಲಿ ಇಟ್ಟಿದ್ದೇನೆ.

ವರ್ಷದ ಮೇಲೆ ಮತ್ತೆ ಕೊಲೊನೋಸ್ಕೋಪಿ ಮಾಡಿಸಬೇಕಿತ್ತು. ಹತ್ತಿರವೆಂದು ಕಾಸರಗೋಡಿನ ಅದೇ ಆಸ್ಪತ್ರೆಗೆ ಹೆಸರು ಬರೆಸಿದೆ. ವಾರ ಮೊದಲೇ ಹೋಗಿ ಒಪ್ಪಿಗೆ ಪತ್ರದ ಒಂದು ಪ್ರತಿ ಕೇಳಿ ತಂದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳು ಮಲಯಾಳ ಶಾಲೆಯಲ್ಲಿ ಪ್ಲಸ್ ಟೂ ಓದುತ್ತಿದ್ದಾಳೆ. ಚಾವಡಿಯಲ್ಲಿ ಕುಳಿತು ಅವಳು ಸಾಲುಸಾಲಾಗಿ ಓದಿ ಹೇಳಿದಳು, ನಾನು ಕನ್ನಡದಲ್ಲಿ ಬರೆದುಕೊಂಡೆ. ಮೂರನೆಯ ಪುಟದಲ್ಲಿ ಹೀಗಿತ್ತು: ನಿದ್ದೆಯ ಮದ್ದು ಕೆಲವೊಮ್ಮೆ ಬೇಕಾದುದಕ್ಕಿಂತ ಆಳಕ್ಕೆ ಇಳಿಯಬಹುದು, ಉಸಿರಾಟ ನಿಧಾನವಾಗಬಹುದು ಅಥವಾ ನಿಲ್ಲಬಹುದು, ಆಗ ಗಂಟಲಿಗೆ ಕೊಳವೆ ಹಾಕಿ ಉಸಿರು ಕೊಡಬೇಕಾಗಬಹುದು, ಇದೆಲ್ಲ ನನಗೆ ತಿಳಿಸಲಾಗಿದೆ. ಹುಡುಗಿ ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ‘ಮುಂದೆ ಓದು ಮಗಾ’ ಎಂದೆ.

ಪರೀಕ್ಷೆಯ ದಿನ ಅದೇ ಸಿಸ್ಟರ್ ಇದ್ದಳು. ಮಲಯಾಳದ ಪತ್ರ ಮುಂದಿಟ್ಟಳು. ನಾನು ನನ್ನ ಕನ್ನಡದ ನಾಲ್ಕು ಹಾಳೆ ಅದರ ಪಕ್ಕ ಇಟ್ಟು, ಮತ್ತೊಮ್ಮೆ ಓದಿ, ಎರಡಕ್ಕೂ ಸಹಿ ಹಾಕಿದೆ. ಚೀಟಿಯನ್ನು ಅರಿವಳಿಕೆಯ ಡಾಕ್ಟ್ರಿಗೆ ಕೊಟ್ಟೆ. ಸಿಸ್ಟರ್ ಆ ಹಾಳೆಗಳನ್ನು ತಿರುವಿ ನೋಡಿದಳು. ಅವಳಿಗೆ ಕನ್ನಡ ಓದಲು ಬಾರದು. ‘ಟೀಚರೇ, ಇದನ್ನು ಜೆರಾಕ್ಸ್ ಮಾಡಿಕೊಳ್ಳಲೇ? ಬದಿಯಡ್ಕ, ಪೆರ್ಲ ಕಡೆಯ ಅಮ್ಮಂದಿರು ತುಂಬಾ ಬರುತ್ತಾರೆ’ ಎಂದು ಕೇಳಿ, ನಾನು ಹೂಂ ಎನ್ನುವ ಮೊದಲೇ ಎದ್ದು ಹೋದಳು.